ಎಡ ಸೀಟಿನ ಟಗರು

ಮಾರ್ಚ್ 3, ಸೋಮವಾರ

ಎಡಗೈ 21, ಬಲಗೈ 19. ನಲವತ್ತು ಆಟ, ಒಂದೂವರೆ ಗಂಟೆ. ಎರಡು ಸ್ಟೂಲುಗಳ ನಡುವೆ ನಿಂತು ಆಡಿದ್ದಕ್ಕೆ ಸೊಂಟ ಹಿಡಿದುಕೊಂಡಿದೆ.

ಟಗರಿನ ಆಟ ಕೊನೆಗೂ ಹದಕ್ಕೆ ಬಂತು. ಪರದೆ ಮೇಲೆ ಕಿರಿದಾದ ಸೇತುವೆ, ಎರಡು ಟಗರು, ಗುಮ್ಮಿ ನೀರಿಗೆ ಕೆಡವಬೇಕು. ಎಡ ಸೀಟಿಗೆ ಕೆಂಪು, ಬಲ ಸೀಟಿಗೆ ನೀಲಿ. ಒಂದೊಂದು ಕಡೆಗೆ ಒಂದೇ ಜಾಯ್‌ಸ್ಟಿಕ್, ಗುಮ್ಮುವ ಬಟನ್ ಅದರ ತಲೆ ಮೇಲೇ. ಮಕ್ಕಳಿಗೆ ಸುಲಭವಾಗಲಿ ಅಂತ ಹೀಗೆ ಮಾಡಿದ್ದು ಎಂದು ಗಿರಾಕಿಗೆ ಹೇಳಿದ್ದೇನೆ. ನಿಜ ಏನೆಂದರೆ, ನನಗಿರೋದು ಎರಡೇ ಕೈ.

ವರದಿ ಕಳಿಸಿದೆ. ಕೆಳಗೆ, 'ಟೆಸ್ಟಿಂಗ್ ವಿಭಾಗದ ಪರವಾಗಿ'. ಆ ವಿಭಾಗದಲ್ಲಿ ನಾನು. ಡಿಸೈನ್ ವಿಭಾಗದಲ್ಲೂ ನಾನೇ — ಅವನಿಗೂ ನನಗೂ ಅಷ್ಟಕ್ಕಷ್ಟೆ.

ಇವತ್ತು ಬಾಯಿಬಿಟ್ಟು ಆಡಿದ ಮಾತು ಹನ್ನೊಂದು. ಒಂಬತ್ತು ಲಿಫ್ಟ್ ರಿಪೇರಿಯವನ ಹತ್ತಿರ, ಎರಡು ಕೆಂಪು ಟಗರಿಗೆ. ಆ ಎರಡು ಇಲ್ಲಿ ಬರೆಯೋ ಹಾಗಿಲ್ಲ.

ಮಾರ್ಚ್ 6, ಗುರುವಾರ

ಗೇಮ್ ಹಾಲಿನ ಮಾಲೀಕರ ಫೋನ್. ಮಾದರಿ ಮೆಷಿನ್ ಒಂದು ಮಂಗಳವಾರದಿಂದ ಅವರಲ್ಲಿದೆ.

"ಏನ್ರೀ ಇದು? ಮಕ್ಕಳು ಎಡ ಸೀಟಿಗೆ ಕಿತ್ತಾಡ್ತಿದ್ದಾರೆ. ಅಲ್ಲಿ ಕೂತವರದೇ ಗೆಲುವು. ಬಲಗಡೆ ಕೂತ ಮಗು ಅತ್ಕೊಂಡೇ ಮನೆಗೆ ಹೋಗುತ್ತೆ."

"ಹಾಗಿರಲಿಕ್ಕಿಲ್ಲ ಸರ್. ನಮ್ಮ ಹುಡುಗರು ನೂರಾರು ಸಲ ಆಡಿ ನೋಡಿದ್ದಾರೆ."

"ನಿಮ್ಮ ಹುಡುಗರೆಲ್ಲ ಎಡಚರೇನ್ರೀ?"

ನಕ್ಕೆ. ಅವರು ನಗಲಿಲ್ಲ.

ಷರತ್ತು ಹಾಕಿದರು. ಆಟ ಸರಿಮಾಡಬೇಕು. ಇಬ್ಬರು ಬೇರೆ ಬೇರೆ ಮನುಷ್ಯರು ನೂರು ಸಲ ಆಡಬೇಕು, ಐವತ್ತಾದ ಮೇಲೆ ಸೀಟು ಅದಲುಬದಲು. ಪ್ರತಿ ಆಟಕ್ಕೂ ಹಾಳೆಯಲ್ಲಿ ಒಂದು ಸಾಲು, ಇಬ್ಬರ ಸಹಿ. ಮುಂದಿನ ವಾರದ ಶನಿವಾರ, ಹದಿನೈದಕ್ಕೆ, ಖುದ್ದು ಬರುತ್ತಾರೆ. ಆಡಿದ ಇಬ್ಬರೂ ಎದುರಿಗಿರಬೇಕು. ತಪ್ಪಿದರೆ ನಲವತ್ತು ಮೆಷಿನ್ನಿನ ಆರ್ಡರ್ ಬೇರೆಯವರ ಪಾಲು.

"ನಿಮ್ಮಲ್ಲಿ ಆರು ಜನ ಇದ್ದಾರಲ್ಲ, ಇಬ್ಬರನ್ನ ಕೂರಿಸೋದು ಏನು ಮಹಾ" ಅಂದರು.

ಮಾರ್ಚ್ 7, ಶುಕ್ರವಾರ

ತಪ್ಪು ಸಿಕ್ಕಿತು. ಎಡಗೈ ಸೋಲುತ್ತಲೇ ಇದೆ ಅಂತ ಕೆಂಪು ಟಗರಿಗೆ ಒಂಚೂರು ಚುರುಕು ಕೊಟ್ಟಿದ್ದೆ. ಮತ್ತೂ ಸೋತಿತು. ಇನ್ನೊಂಚೂರು ಕೊಟ್ಟೆ. ಹೀಗೇ, ಗೆಲುವು ಸೋಲು ಹತ್ತಿರ ಹತ್ತಿರ ಬರುವ ತನಕ. ಆಟ ಸಮವಾಯಿತು ಅಂದುಕೊಂಡೆ. ಸಮವಾಗಿದ್ದು ನನ್ನ ಎರಡು ಕೈ. ನನ್ನ ಎಡಗೈಯ ಸೋಮಾರಿತನಕ್ಕೆ ಅಳತೆ ತೆಗೆದು ಊರ ಮಕ್ಕಳಿಗೆಲ್ಲ ಅಂಗಿ ಹೊಲಿದ ಹಾಗಾಯಿತು.

ತಿದ್ದಲು ಹತ್ತು ನಿಮಿಷ. ಈಗ ಎರಡು ಟಗರಿಗೂ ಒಂದೇ ಚುರುಕು.

ಇನ್ನೊಬ್ಬ ಮನುಷ್ಯನನ್ನು ಎಲ್ಲಿಂದ ತರಲಿ?

ಮಾರ್ಚ್ 8, ಶನಿವಾರ

ಲಿಫ್ಟ್ ರಿಪೇರಿಯವನನ್ನು ಕೂರಿಸಿದೆ. ಮೂರು ಆಟ. ನಾಲ್ಕನೆಯದಕ್ಕೆ ಐದನೇ ಮಹಡಿಯಲ್ಲಿ ಯಾರೋ ಸಿಕ್ಕಿಹಾಕಿಕೊಂಡರು, ಓಡಿದ. ಕೆಳಗಿನ ಡ್ರೈ ಕ್ಲೀನಿಂಗ್ ಅಂಗಡಿಯವರನ್ನು ಕೇಳಿದೆ. "ನೂರು ಆಟಾನಾ? ನೂರು ಕೋಟು ಇಸ್ತ್ರಿ ಮಾಡಿಕೊಡು, ಬರ್ತೀನಿ."

ಫೋನಿನಲ್ಲಿ 312 ನಂಬರ್. ಕೆಲಸದವು ಬಿಟ್ಟರೆ ಒಂಬತ್ತು. ಆ ಒಂಬತ್ತರಲ್ಲಿ ಬಾ ಅಂದರೆ ಬರಬಹುದಾದದ್ದು ಒಂದೇ.

ಅಕ್ಕ.

ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮಾತಾಡಿ ಎರಡು ವರ್ಷ. ಅವಳಿಗೆ ಆಪರೇಷನ್ ನಿಗದಿಯಾದಾಗ, "ಹತ್ತು ದಿನ ಬಂದು ಇರ್ತೀಯೇನೋ?" ಅಂತ ಕೇಳಿದ್ದಳು. "ಆರು ಜನರ ಟೀಮ್ ಕಣೇ, ಬಿಟ್ಟು ಬರಕ್ಕಾಗಲ್ಲ" ಅಂದಿದ್ದೆ. ಆಗಲೂ ಇಲ್ಲಿ ನಾನೊಬ್ಬನೇ. ಬೀಗ ಹಾಕಿಕೊಂಡು ಹೋಗಿದ್ದರೆ ಕೇಳೋಕೆ ನರಪಿಳ್ಳೆ ಇರಲಿಲ್ಲ. ಆಸ್ಪತ್ರೆ ಅಂದರೆ ನನಗೆ ಕೈಕಾಲು ತಣ್ಣಗಾಗುತ್ತೆ. ಅದನ್ನು ಹೇಳೋಕೆ ನಾಚಿಕೆ... ಟೀಮ್ ಅನ್ನೋದು ಸುಲಭ.

ಮಾರ್ಚ್ 12, ಬುಧವಾರ

ನಾಲ್ಕು ದಿನದಲ್ಲಿ ಫೋನ್ ಎತ್ತಿ ಇಟ್ಟಿದ್ದು ಹದಿನೇಳು ಸಲ. ಹದಿನೆಂಟನೆಯದಕ್ಕೆ ರಿಂಗ್ ಆಯಿತು.

"ಯಾರು?" ನನ್ನ ನಂಬರ್ ಅಳಿಸಿದ್ದಾಳೆ. ಅಥವಾ ಅಳಿಸಿದ ಹಾಗೆ ಮಾತಾಡಿದಳು.

"ನಾನು ಕಣೇ, ನಿನ್ನ ತಮ್ಮ."

"ಯಾರು ಸತ್ತರು?"

"ಯಾರೂ ಇಲ್ಲ. ಒಂದು ನೂರು ಆಟ ಆಡಬೇಕಿತ್ತು. ನನ್ನ ಮೆಷಿನ್ನಲ್ಲಿ. ಇಬ್ಬರು ಬೇಕು."

"ನಿನ್ನ ಆರು ಜನ ಎಲ್ಲಿ?"

"ರಜೆ."

"ಆರೂ ಜನಾನಾ?"

"ಹ್ಞೂಂ."

ಅವಳ ಹಿಂದೆ ಹಲ್ಲಿನ ಡಾಕ್ಟರ ಮೆಷಿನ್ ಗುಯ್ಯ್ ಅನ್ನುತ್ತಿತ್ತು. ಆ ಕ್ಲಿನಿಕ್ಕಿನಲ್ಲೇ ಅವಳು ರಿಸೆಪ್ಷನ್ ನೋಡಿಕೊಳ್ಳೋದು.

"ಶುಕ್ರವಾರ ರಜೆ ಹಾಕ್ತೀನಿ. ಟೀ ನೀನೇ ಮಾಡು. ಟೀಮ್ ಕೈಲಿ ಮಾಡಿಸಬೇಡ."

ಮಾರ್ಚ್ 14, ಶುಕ್ರವಾರ. ಸಂಜೆ 6

ಹತ್ತು ಗಂಟೆಗೆ ಸರಿಯಾಗಿ ಬಂದಳು. ತೆಳ್ಳಗಾಗಿದ್ದಾಳೆ. ಕೋಣೆಯನ್ನು ಒಂದು ಸುತ್ತು ನೋಡಿದಳು. ಒಂದು ಮೇಜು, ಒಂದು ಕುರ್ಚಿ, ಒಂದು ಲೋಟ, ಒಂದು ಮೊಳೆ, ಮೊಳೆಗೆ ಒಂದು ಜಾಕೆಟ್. ಲೆಕ್ಕ ಹಾಕೋದು ನಮ್ಮ ಮನೆತನದ ರೋಗ, ಅವಳಿಗೂ ಇದೆ. ಲೆಕ್ಕ ಮುಗಿಸಿ ಎಡ ಸೀಟಿನಲ್ಲಿ ಕೂತಳು.

"ನಿನ್ನದು ಯಾವುದು?"

"ನೀಲಿ."

"ಪಾಪ."

ಮೂವತ್ತಾರು ಆಟಕ್ಕೆ ಅವಳು 22, ನಾನು 14. ನನಗೇ ತಿಳಿಯದೆ ನನ್ನ ಎಡಗೈ ಅವಳ ಜಾಯ್‌ಸ್ಟಿಕ್ ಕಡೆ ಹೋಗುತ್ತಿತ್ತು. ಎರಡು ಸಲ ಏಟು ಬಿತ್ತು. "ನಿನ್ನದು ನೀನು ನೋಡ್ಕೋ."

ಮೂವತ್ತೇಳು. ಇಬ್ಬರ ಕಣ್ಣೂ ಪರದೆ ಮೇಲೆ, ಮುಖ ನೋಡೋ ಕಷ್ಟ ಇಲ್ಲ. ಅಂದುಬಿಟ್ಟೆ.

"ಅಕ್ಕಾ, ಆ ಆರು ಜನ ಯಾವತ್ತೂ ಇರಲಿಲ್ಲ. ಆಗಲೂ ನಾನೊಬ್ಬನೇ. ಆಸ್ಪತ್ರೆಗೆ ಹೆದರಿ ಬರಲಿಲ್ಲ."

ಅವಳ ಕೈ ಜಾಯ್‌ಸ್ಟಿಕ್ ಬಿಟ್ಟಿತು. ಕೆಂಪು ಟಗರು ಸೇತುವೆಯ ಅಂಚಿನಲ್ಲಿ ಸುಮ್ಮನೆ ನಿಂತಿತು. ಒಂದು ಗುಮ್ಮು ಸಾಕಿತ್ತು. ನಾನೂ ಕೈ ತೆಗೆದೆ.

ಹತ್ತು ಸೆಕೆಂಡ್ ಯಾರೂ ಮುಟ್ಟದಿದ್ದರೆ ಟಗರುಗಳು ಕಾಲು ಮಡಚಿ ಕೂತು ಮೆಲುಕು ಹಾಕುತ್ತವೆ. ಹೋದ ವರ್ಷ ನಾನೇ ಬರೆದಿಟ್ಟದ್ದು, ಮರೆತೇಹೋಗಿತ್ತು. ಆಟದ ನಡುವೆ ನನ್ನ ಎರಡು ಕೈ ಯಾವತ್ತೂ ಒಟ್ಟಿಗೆ ಸುಮ್ಮನಿದ್ದದ್ದಿಲ್ಲ, ನೋಡಿದ್ದು ಇದೇ ಮೊದಲು.

"ಜೊತೇಲಿ ಯಾರೂ ಬಂದಿಲ್ವಾ ಅಂತ ನರ್ಸ್ ಕೇಳಿದಳು," ಅಂದಳು ಅಕ್ಕ, ಟಗರುಗಳಿಗೆ ಹೇಳುವ ಹಾಗೆ. "ತಮ್ಮನ ಕೈಕೆಳಗೆ ಆರು ಜನ ಇದ್ದಾರೆ, ಪುರುಸೊತ್ತಿಲ್ಲ ಅಂದೆ. ಜಂಬದಿಂದಲೇ ಹೇಳಿದೆ ಕಣೋ."

ಪರದೆಯ ಮೇಲಿನ ಆಟದ ಗಡಿಯಾರ ಸೊನ್ನೆಗೆ ಬಂತು. ಮೆಷಿನ್ 'ಸಮ' ಅಂತ ತೋರಿಸಿತು.

ಎಷ್ಟು ಹೊತ್ತೋ. ಲೆಕ್ಕ ಇಡಲಿಲ್ಲ. ಮೂಗು ಒರೆಸಿಕೊಂಡು ಜಾಯ್‌ಸ್ಟಿಕ್ ಹಿಡಿದಳು. "ಮೂವತ್ತೆಂಟು. ಶುರು ಮಾಡು." ಮೂರೇ ಸೆಕೆಂಡಿಗೆ ನನ್ನನ್ನು ನೀರಿಗೆ ಕೆಡವಿದಳು. ಮೂವತ್ತೊಂಬತ್ತರಲ್ಲೂ.

ಮೊದಲ ಐವತ್ತು: ಅವಳು 31, ನಾನು 18, ಸಮ 1. ಸೀಟು ಬದಲಾಯಿಸಿದ ಮೇಲೆ: ಅವಳು 30, ನಾನು 20. ಎಡ ಸೀಟಿಗೆ ಒಟ್ಟು 51, ಬಲ ಸೀಟಿಗೆ 48. ಮೆಷಿನ್ ಸರಿ ಇದೆ. ಎಲ್ಲಿ ಕೂತರೂ ಸೋಲುವವನು ನಾನು.

ಹೊರಡುವಾಗ ಲಿಫ್ಟ್ ಒಳಗಿಂದ ಕೇಳಿದಳು, "ನಾಳೆ ನಿನ್ನ ಮಾಲೀಕರಿಗೆ ನನ್ನನ್ನ ಯಾರು ಅಂತೀಯ? ಟೆಸ್ಟಿಂಗ್ ವಿಭಾಗ ಅಂತಾನಾ?"

ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು. ಮಾತಿನಲ್ಲೇ ಆರು ಜನರನ್ನು ಹುಟ್ಟಿಸಿದವನು ನಾನು.

ಮಾರ್ಚ್ 15, ಶನಿವಾರ. ಬೆಳಗ್ಗೆ 10.50

ಅಕ್ಕ ಒಂಬತ್ತೂವರೆಗೇ ಬಂದಳು. ಬರುವಾಗ ಒಂದು ಲೋಟ ತಂದಿದ್ದಾಳೆ. "ನಿನ್ನ ಎಂಜಲು ಲೋಟದಲ್ಲಿ ಇನ್ನೊಂದು ದಿನ ಕುಡಿಯಲ್ಲ ನಾನು." ಈಗ ಎರಡು ಸ್ಟೂಲುಗಳ ನಡುವೆ ನಿಂತು ಎರಡು ಕೈಲೂ ಆಡಿ ನೋಡುತ್ತಿದ್ದಾಳೆ. ಎರಡು ಟಗರೂ ನೀರಿಗೆ. "ಇದನ್ನ ಹ್ಯಾಗೋ ಆಡ್ತಿದ್ದೆ, ಒಬ್ಬನೇ?"

ಹನ್ನೊಂದಕ್ಕೆ ಮಾಲೀಕರು. ತೀರ್ಮಾನ ಮಾಡಿದ್ದೇನೆ — ಆರಲ್ಲ, ಒಬ್ಬ. ಇವಳು ನನ್ನ ಅಕ್ಕ. ಆರ್ಡರ್ ಹೋದರೆ ಹೋಗಲಿ.

ಹಾಳೆಯಲ್ಲಿ ತೊಂಬತ್ತೊಂಬತ್ತು ಸಾಲು ಭರ್ತಿ. ಮೂವತ್ತೇಳರ ಎದುರು ಮಾತ್ರ ಖಾಲಿ. ಸಮವಾದರೆ ಕಾರಣ ಬರೆಯಬೇಕಂತೆ. 'ಮೆಷಿನ್ ದೋಷ' ಅಂತ ಬರೆದು ಹೊಡೆದುಹಾಕಿದೆ. ಅಲ್ಲ. 'ಗಮನ ತಪ್ಪಿತು' — ಅದೂ ಅಲ್ಲ. ಇಲ್ಲಿ ಬರೆದು ನೋಡಿ ಆಮೇಲೆ ಅಲ್ಲಿ ಇಳಿಸೋಣ.

ಲಿಫ್ಟ್ ಬಂದ ಸದ್ದು. ಅಕ್ಕ ಸೀರೆ ಸರಿಮಾಡಿಕೊಂಡು ಎಡ ಸೀಟಿನಲ್ಲಿ ಕೂತಳು.

ಆಟ 37. ಫಲಿತಾಂಶ: ಸಮ. ಕಾರಣ: ಆಟಗಾರರಿಬ್ಬರೂ ಆಗ ಅಕ್ಕ-ತಮ್ಮ ಆಗಿದ್ದರು.