ಪ್ರಶ್ನೆಚಿಹ್ನೆಗಳಾದ ನಿನ್ನ ಕೆಲಸಗಳು

ಅಕ್ಕಾ,

‘ಅಳಿವಿಲ್ಲದ್ದೇ ಅಕ್ಷರ’ ಎಂದೇನೋ ಒಂದು ಸಾಲಿತ್ತು, ಮುಂದಿನದು ಮರೆತಿದೆ. ಅದು ನಿಜವೇ?

ನೀನು ತೀರಿಕೊಂಡ ಮೇಲೆ ನಿನ್ನ ಕಂಪ್ಯೂಟರನ್ನು ಬೇರೆಯವರಿಗೆ ಕೊಡುವ ಮೊದಲು ನಿನ್ನ ಆಫೀಸಿನವರು ನನ್ನನ್ನು ಕರೆದರು. ಮಾಡಬೇಕಾದ ಕೆಲಸಗಳನ್ನೆಲ್ಲ ನೀನು ಇಮೇಲ್ ಪ್ರೋಗ್ರಾಮಿನಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೆ. ಅವನ್ನು ಓದಿ ಒಂದು ಫೈಲಿಗೆ ಇಳಿಸುವ ಪುಟ್ಟ ಸ್ಕ್ರಿಪ್ಟ್ ಬರೆದೆ. ಫೈಲು ತುಂಬಿತು. ತೆರೆದು ನೋಡದೆ ಮನೆಗೆ ತಂದೆ. ಇಲ್ಲಿ ನೋಡಿದರೆ, ನನ್ನ ಸ್ಕ್ರಿಪ್ಟಿಗೆ ಕನ್ನಡವೇ ಬರುತ್ತಿರಲಿಲ್ಲ. ನಿನ್ನ ಒಂದೊಂದು ಅಕ್ಷರವೂ ಪ್ರಶ್ನೆಚಿಹ್ನೆಯಾಗಿದೆ, ತಾರೀಖುಗಳು ಮತ್ತು ಕೆಲಸ ಮುಗಿದಿದೆಯೋ ಇಲ್ಲವೋ ಎಂಬ ಗುರುತುಗಳಷ್ಟೇ ಉಳಿದಿವೆ.

ನಿನ್ನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ಫೋನ್ ಮಾಡಿದೆ. “ಅಯ್ಯೋ ಮೇಡಂ, ಫೈಲ್ ಸಿಕ್ತು ಅಂದ್ರಲ್ಲ, ಆಗ್ಲೇ ಎಲ್ಲ ಅಳಿಸಿಬಿಟ್ಟೆ. ಸ್ಲೇಟ್ ಒರೆಸಿದ ಹಾಗೆ,” ಎಂದ.

ಒಂದು ತಾರೀಖು ಹೋದ ವರ್ಷದ ನನ್ನ ಹುಟ್ಟುಹಬ್ಬದ್ದು. ಅದರ ಮುಂದೆ ಒಂದಿಡೀ ಸಾಲು ಪ್ರಶ್ನೆಚಿಹ್ನೆಗಳು. ಕೆಲಸ ಮುಗಿದಿಲ್ಲ ಎಂದಿದೆ. ಏನಾಗಿತ್ತಕ್ಕಾ ಆ ಕೆಲಸ?

ಆಗಷ್ಟೇ ಬಾಗಿಲಿಗೆ ಬಂದ ಪಕ್ಕದ ಮನೆಯಾಕೆಗೂ ಇದನ್ನೇ ಹೇಳಿದೆ. ಆಕೆ ನಮ್ಮ ಬಾಗಿಲ ಬೆಲ್ಲಿನ ಕಡೆ ನೋಡಿದರು.

“ಆ ಹುಟ್ಟುಹಬ್ಬದ ದಿನ ನಿಮ್ಮಕ್ಕ ಇಲ್ಲೇ ನಿಂತಿದ್ರು ಕಣಮ್ಮ. ಬೆಲ್ ಒತ್ರೀ ಅಂದೆ. ‘ಬೇಡ, ಓದ್ತಾ ಇರ್ತಾಳೆ’ ಅಂತ ಹೊರಟೇಹೋದ್ರು.”