ಆಲಿವ್ ಬೀಜದ ಟಾರು

ಡಿಸೆಂಬರ್ 3, ಮಂಗಳವಾರ. ಸಂಜೆ 5

ಆಲಿವ್ ಬೀಜ ಕಾಯಿಸಿ ತೆಗೆದ ಅನಿಲದಲ್ಲಿ ಟಾರು ಘನಮೀಟರಿಗೆ 340 ಮಿಲಿಗ್ರಾಂ. ಹೋದ ವಾರ 60 ಇತ್ತು. ಅಳೆದವನು ಲ್ಯಾಬಿನ ಹುಡುಗ ಮುಂಜಿ. ಎರಡು ಸಲ ಅಳೆದನಂತೆ. ನೂರು ದಾಟಿದ ಅನಿಲವನ್ನು ಎಂಜಿನ್‌ಗೆ ಬಿಡುವಂತಿಲ್ಲ — ವಾಲ್ವ್ ಅಂಟಿಕೊಳ್ಳುತ್ತದೆ.

ಆಲಿವ್ ಎಣ್ಣೆ ಗಾಣದ ಮಾಲೀಕ ಸೀ ರಿದಾ ಕೆಳಗೆ ಕಾಯುತ್ತಿದ್ದರು.

"ಡಾಕ್ಟ್ರೇ, ಹದಿನಾರನೇ ತಾರೀಕಿಗೆ ನನ್ನ ಗಾಣ ನಿಮ್ಮ ಗ್ಯಾಸಿನ ಮೇಲೆ ತಿರುಗಬೇಕು. ಇಲ್ಲಾಂದ್ರೆ ನಿಮ್ಮ ಡಬ್ಬ ಬಿಚ್ಕೊಂಡು ಹೋಗಿ. ಬೀಜ ಒಲೆಗೆ ಅಂತ ಬೇಕರಿಯವರಿಗೇ ಕೊಡ್ತೀನಿ. ಅವರು ಟಾರು ಗೀರು ಅನ್ನಲ್ಲ."

ಡಬ್ಬ ಅಂದರೆ ನನ್ನ ರಿಯಾಕ್ಟರ್. ಆರು ವರ್ಷದ ಕೆಲಸ. ಒಳಗಿರುವ ಕ್ಯಾಟಲಿಸ್ಟ್ ಇಲ್ಲಿನ ಗುಡ್ಡದ್ದೇ ಕಲ್ಲು, ಸುಟ್ಟು ನಿಕ್ಕಲ್ ಲೇಪಿಸಿದ್ದು. ಆಲಿವ್ ಬೀಜದ ಅನಿಲ ಅದರ ಮೂಲಕ ಹಾದರೆ ಟಾರು ಒಡೆಯಬೇಕು. ಒಡೆಯುತ್ತಿತ್ತು.

ಡಿಸೆಂಬರ್ 5

ರಿಯಾಕ್ಟರ್ ತೆರೆದೆವು. ಸ್ವಲ್ಪ ಮಸಿ. ಸುಟ್ಟು ತೆಗೆದು ಮತ್ತೆ ಶುರು. 355.

ಆಮ್ ಬಶೀರ್ ಬಂದು ನೋಡಿದರು. ಗಾಣದಲ್ಲಿ ನಲವತ್ತು ವರ್ಷ, ಎಲ್ಲರಿಗೂ ಚಿಕ್ಕಪ್ಪ. ಈಗ ಬೀಜದ ಲೋಡ್ ಇಳಿಸಿಕೊಳ್ಳುವ ಕೆಲಸ.

"ನಿನ್ನ ಕಲ್ಲಿಗೆ ವಯಸ್ಸಾಯ್ತು ಮಗಳೇ. ನನ್ನನ್ನ ಇಟ್ಕೊಂಡಿಲ್ವಾ? ಅದನ್ನೂ ಇಟ್ಕೋ."

ನಗು ಬರಲಿಲ್ಲ. ಬೀಜದ ತೇವ ಎಷ್ಟು ಅಂದೆ. ಮೀಟರ್ ತೋರಿಸಿದರು. 9 ಪರ್ಸೆಂಟ್. ಸರಿಯಾಗಿದೆ. ಹಾಗಾದರೆ ತಪ್ಪು ಕಲ್ಲಿನದೇ...

ಡಿಸೆಂಬರ್ 10. ಮಧ್ಯಾಹ್ನ

ಶನಿವಾರ ಹೊಸ ಕಲ್ಲು ತುಂಬಿದೆವು. ಮೊದಲ ದಿನ 70. ಇವತ್ತು 310. ಹೊಸದೂ ಹೋಯಿತು.

ಬೀಜದ ರಾಶಿಯ ಪಕ್ಕದಲ್ಲೇ ಊಟ. ರೊಟ್ಟಿ, ಹರೀಸಾ ಮೆಣಸಿನ ಚಟ್ನಿ, ಟ್ಯೂನಾ ಮೀನು. ಆಮ್ ಬಶೀರ್ ರಾಶಿಯಿಂದ ಬೀಜದ ಒಂದು ಚೂರು ಎತ್ತಿ ಬೆರಳಲ್ಲಿ ತಿರುಗಿಸುತ್ತಿದ್ದರು. ಮೊದಲು ಪ್ರತಿ ಲೋಡಿನ ಬೀಜವನ್ನೂ ಕಚ್ಚಿ ನೋಡುತ್ತಿದ್ದರು — ಕಟಕ್ ಅಂದರೆ ಒಣಗಿದೆ ಅಂತ. ನವೆಂಬರಿನಲ್ಲಿ ನಾನೇ ನಿಲ್ಲಿಸಿದೆ. ಮೀಟರ್ ಕೊಟ್ಟು.

"ಒಂದ್ಸಲ ಕಚ್ಚಿ" ಎಂದೆ.

"ನಿನ್ನ ಮೀಟರು ಬೈಯಲ್ವಾ?"

ಕಚ್ಚಿದರು. ತಕ್ಷಣ ಉಗಿದರು.

"ಥೂ, ಉಪ್ಪು! ಇದು ಗಾಣದ ಬೀಜ ಅಲ್ಲ ಕಣೇ. ಉಪ್ಪುನೀರಲ್ಲಿ ನೆನೆಸಿದ ಆಲಿವ್ದು!"

ನಾನೂ ನೆಕ್ಕಿ ನೋಡಿದೆ. ಹೌದು.

ಉಪ್ಪಿನ ಕ್ಲೋರಿನ್ ನಿಕ್ಕಲ್ಲಿಗೆ ವಿಷ. ಗೊತ್ತಿಲ್ಲದ್ದಲ್ಲ. ನನ್ನ ಡಾಕ್ಟರೇಟ್ ಪ್ರಬಂಧದ ನಾಲ್ಕನೇ ಅಧ್ಯಾಯವೇ ಅದು.

ಡಿಸೆಂಬರ್ 11

ಸೀ ರಿದಾಗೆ ಹೇಳಿದೆ. ಮೂರು ಲೋಡ್ ಅವರ ಭಾವಮೈದನ ಆಲಿವ್ ಬಾಟ್ಲಿಂಗ್ ಘಟಕದಿಂದ ಬಂದದ್ದು. ಬೀಜ ಒಡೆದೇ ಕಳಿಸಿದ್ದ, ಕಣ್ಣಿಗೆ ವ್ಯತ್ಯಾಸ ಕಾಣದು.

"ಪುಕ್ಕಟೆ ಕೊಟ್ಟ, ತರಿಸಿದೆ. ಬಶೀರ್ ಯಾಕೆ ಬಾಯಿ ಬಿಡಲಿಲ್ಲ?"

"ಕಚ್ಚಬೇಡಿ ಅಂದವಳು ನಾನು. ತಪ್ಪು ನನ್ನದು."

ಸೀ ರಿದಾ ಎದ್ದರು. "ಅಂದ್ರೆ ನಿಮ್ಮ ಮೀಟರಿಗೆ ಹಲ್ಲಿಲ್ಲ." ಮತ್ತೆ ಬಾಗಿಲ ಹತ್ತಿರ ತಿರುಗಿ — "ಹದಿನಾರು ಅಂದ್ರೆ ಹದಿನಾರೇ, ಡಾಕ್ಟ್ರೇ."

ಉಪ್ಪು ಬೀಜದ ರಾಶಿಯನ್ನು ಆಳುಗಳು ಬದಿಗೆ ಸರಿಸಿದರು. ರಿಯಾಕ್ಟರಿನ ಕಲ್ಲಿಗೆ 850 ಡಿಗ್ರಿಯಲ್ಲಿ ಹಬೆ ಬಿಟ್ಟಿದ್ದೇವೆ. ಕ್ಲೋರಿನ್ ಕಲ್ಲನ್ನು ಬಿಡಬಹುದು. ಬಿಡದಿರಲೂಬಹುದು.

ಡಿಸೆಂಬರ್ 13

ಗಾಣದ ಬೀಜ ಮಾತ್ರ. 190.

ಡಿಸೆಂಬರ್ 14

130. ಮುಂಜಿ ನನ್ನ ಮುಖ ನೋಡದೆ ಹೇಳಿದ.

ಡಿಸೆಂಬರ್ 16, ಸೋಮವಾರ. ಬೆಳಿಗ್ಗೆ 7:30

92. ಮೂರು ಸಲ ಅಳೆಸಿದೆ. 94, 92, 92.

ಹೊಸ ಲೋಡ್ ಬಂದಿದೆ. ಆಮ್ ಬಶೀರ್ ಕಚ್ಚಿ, ಆಮೇಲೆ ಮೀಟರ್ ಇಟ್ಟರು. ರಿಜಿಸ್ಟರಿನಲ್ಲಿ ತಾವೇ ಒಂದು ಗೆರೆ ಎಳೆದು ಹೊಸ ಕಾಲಂ ಮಾಡಿದ್ದಾರೆ: ರುಚಿ. ನಾನು ಪಕ್ಕದಲ್ಲಿ ಸಹಿ ಹಾಕಿದೆ.

ಸೀ ರಿದಾ ಬಂದರು. ಅಂಕಿ ಹೇಳಿದೆ.

"ನೂರಕ್ಕೆ ಎಂಟೇ ಕಮ್ಮಿ?"

"ಎಂಟು ಸಾಕು."

ಹತ್ತು ಗಂಟೆಗೆ ಎಂಜಿನ್ ಚಾಲೂ ಮಾಡುತ್ತೇವೆ.