ಮೈಕಿನಲ್ಲಿ ಹೇಳಿದ್ದನ್ನು ಮೈಕಿನಲ್ಲೇ ತಿದ್ದಿ

ನಮ್ಮೂರಿಗೆ ಸಕ್ಕರೆ ಕಾಯಿಲೆ ತಪಾಸಣಾ ಶಿಬಿರ ತಂದ ಆರೋಗ್ಯಾಧಿಕಾರಿಗಳೇ,

ನೀವು ನನ್ನ ತಂಗಿಯ ಮದುವೆ ಮುರಿದಿದ್ದೀರಿ. ಬೇಕೆಂದು ಮುರಿದಿರಿ ಎಂದು ನಾನು ಹೇಳುವುದಿಲ್ಲ. ಆದರೆ ಮುರಿದದ್ದು ನೀವೇ, ಅದೂ ಧ್ವನಿವರ್ಧಕದಲ್ಲಿ.

ಆ ದಿನ ಶಾಲೆಯ ಅಂಗಳದಲ್ಲಿ ಅರ್ಧ ಹಿರೇನಲ್ಲೂರು ಹೋಬಳಿಯೇ ಸೇರಿತ್ತು. ನನ್ನ ತಂದೆ ಮರುಳಸಿದ್ದಪ್ಪನವರ ರಕ್ತ ಪರೀಕ್ಷೆ ಮಾಡಿದಿರಿ. ಅವರ ಅಪ್ಪನಿಗೂ ಅಕ್ಕನಿಗೂ ಸಕ್ಕರೆ ಇತ್ತೆಂದು ಕೇಳಿ ತಿಳಿದಿರಿ. ಅಲ್ಲಿಗೆ ನಿಲ್ಲಿಸಿದ್ದರೆ ನಿಮಗೆ ನಮಸ್ಕಾರ ಹಾಕಿ ಮನೆಗೆ ಹೋಗುತ್ತಿದ್ದೆವು. ನೀವು ಮೈಕ್ ಎತ್ತಿಕೊಂಡು, ‘ಇದಕ್ಕೇ ವಂಶದ ಕಾಯಿಲೆ ಅನ್ನೋದು. ಈ ಮನೆ ಮಕ್ಕಳಿಗೂ ಬಂದೇ ಬರುತ್ತೆ, ನೋಡ್ಕೊಳ್ಳಿ’ ಎಂದಿರಿ. ನಮ್ಮ ತಂದೆಯನ್ನು ಪಾಠದ ಚಾರ್ಟಿನಂತೆ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದಿರಿ. ಜನ ನೋಡಿಕೊಂಡರು. ಆ ಜನರ ನಡುವೆ ಅಜ್ಜಂಪುರದಿಂದ ಬಂದ ಒಬ್ಬ ಹಿರಿಯರೂ ಇದ್ದರು. ನನ್ನ ತಂಗಿ ಭುವನಾಳನ್ನು ನೋಡಿ ಒಪ್ಪಿಕೊಂಡಿದ್ದ ಹುಡುಗ ಓಂಕಾರೇಶನ ದೊಡ್ಡಪ್ಪ ಅವರು. ಮೂರನೆಯ ದಿನ ಫೋನ್ ಬಂತು: ‘ಸದ್ಯಕ್ಕೆ ಬ್ಯಾಡ ಬಿಡಿ, ಆಮೇಲ್ ನೋಡಾನ.’ ಈ ಆಮೇಲೆ ಎಂಬುದು ಯಾವ ಪಂಚಾಂಗದಲ್ಲಿಯೂ ಸಿಗುವ ದಿನವಲ್ಲ ಎಂಬುದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

ನಾನು ವೈದ್ಯನಲ್ಲ. ಬಸ್ ನಿಲ್ದಾಣದಲ್ಲಿ ಹಂಚುವ, ಕೃಷಿ ಮೇಳದಲ್ಲಿ ಕೈಗೆ ತುರುಕುವ, ಔಷಧಿ ಅಂಗಡಿಯವರು ಪೊಟ್ಟಣ ಕಟ್ಟಿಕೊಡುವ ಕರಪತ್ರಗಳನ್ನೆಲ್ಲ ಓದಿ ಬೆಳೆದವನು. ಒಂದು ಕರಪತ್ರ ರಾಗಿಯನ್ನು ಅಮೃತ ಎನ್ನುತ್ತದೆ. ಇನ್ನೊಂದು ಮುದ್ದೆ ಬಿಡಿ ಎನ್ನುತ್ತದೆ. ಹೀಗೆ ಜಗಳವಾಡುವ ಕಾಗದಗಳ ನಡುವೆ ಬೆಳೆದವನಿಗೆ ಒಂದು ಅಭ್ಯಾಸ ತಾನಾಗಿ ಬರುತ್ತದೆ. ಯಾರೇ ಏನೇ ಹೇಳಲಿ, ಮನೆಗೆ ತಂದು ಹೊಂದಿಸಿ ನೋಡುತ್ತಾನೆ. ನಿಮ್ಮ ಮಾತನ್ನೂ ಮನೆಗೆ ತಂದು ಹೊಂದಿಸಿದೆ. ಹೊಂದಲಿಲ್ಲ.

ನಮ್ಮದು ಹಿಟ್ಟಿನ ಗಿರಣಿ. ಅಲ್ಲಿ ಸಕ್ಕರೆ ಇರುವವರು ಮೂರು ಜನ. ಒಬ್ಬರು ನನ್ನ ತಂದೆ. ಅವರದು ವಂಶದ್ದು, ಒಪ್ಪಿದೆ. ಎರಡನೆಯವರು ನನ್ನ ತಾಯಿ ಅಂಬಮ್ಮ. ಅವರು ಲಿಂಗದಹಳ್ಳಿಯಿಂದ ಮದುವೆಯಾಗಿ ಬಂದವರು, ಅವರ ತವರಿನಲ್ಲಿ ತೊಂಬತ್ತು ದಾಟಿದವರೂ ಹೋಳಿಗೆ ತಿಂದು ಅರಗಿಸಿಕೊಳ್ಳುತ್ತಾರೆ. ಮೂರನೆಯವನು ಗಿರಣಿ ಓಡಿಸುವ ಚಿಕ್ಕಬೀರಪ್ಪ. ಅವನ ವಂಶವೇ ಬೇರೆ, ಕುಲದೇವರೇ ಬೇರೆ. ಮಾನ್ಯರೇ, ಈ ಮೂವರ ರಕ್ತ ಯಾವಾಗ ಒಂದಾಯಿತು? ತಾಳಿ ಕಟ್ಟಿದರೆ ವಂಶವಾಹಿ ದಾಟುತ್ತದೆಯೇ? ಸಂಬಳ ಕೊಟ್ಟರೆ ದಾಟುತ್ತದೆಯೇ?

ಅವರು ಹಂಚಿಕೊಂಡದ್ದು ರಕ್ತವನ್ನಲ್ಲ, ಬೆಲ್ಲದ ಕಾಫಿಯನ್ನು. ರಾಗಿ ಬೀಸಿಸಲು ಬಂದವರಿಗೆ ಹಿಟ್ಟು ಆಗುವವರೆಗೂ ಕೂರಿಸಿ ಕಾಫಿ ಕೊಡುವುದು ನಮ್ಮ ತಾತನ ಕಾಲದಿಂದ ನಡೆದು ಬಂದ ಪದ್ಧತಿ. ಕೊಟ್ಟು ಸುಮ್ಮನಿರುವ ಹಾಗಿಲ್ಲ. ಬಂದವರು ಕುಡಿಯುವಾಗ ಮನೆಯವರು ಲೋಟ ಹಿಡಿಯದೆ ಕೂತರೆ ಅದು ಬಂದವರಿಗೆ ಮಾಡಿದ ಅವಮಾನ. ದಿನಕ್ಕೆ ಎಷ್ಟು ಜನ ಬಂದರೂ ಅಷ್ಟು ಸಲ ನಮ್ಮ ತಂದೆಯ ಕೈಯಲ್ಲಿ ಲೋಟ, ತಾಯಿಯ ಕೈಯಲ್ಲಿ ಲೋಟ. ಅತ್ತ ಬೆಲ್ಟು ಸರಿಮಾಡುತ್ತಿರುವ ಚಿಕ್ಕಬೀರಪ್ಪನನ್ನೂ ಕರೆದು, ‘ಏ ಬೀರಪ್ಪ, ನೀನೂ ಒಂದ್ ಗುಟುಕ್ ತಗಳೋ’ ಎನ್ನದಿದ್ದರೆ ನಮ್ಮ ಮನೆಯ ಮರ್ಯಾದೆ ಪೂರ್ತಿಯಾಗುವುದಿಲ್ಲ. ಹೀಗೆ ಮೂರು ವಂಶದವರು ಒಂದೇ ಪಾತ್ರೆಯ ಕಾಫಿ ಕುಡಿದು ಒಂದೇ ಕಾಯಿಲೆಯ ಬಂಧುಗಳಾದರು. ವಂಶವಾಹಿ ನಮ್ಮ ತಂದೆಗೆ ಹೊಲ ಹದ ಮಾಡಿ ಕೊಟ್ಟಿದ್ದು ನಿಜ. ಬಿತ್ತಿದ್ದು ಮಾತ್ರ ನಮ್ಮ ಉಪಚಾರ. ಈ ಎರಡನೆಯ ಮಾತನ್ನು ನೀವು ಮೈಕಿನಲ್ಲಿ ಹೇಳಲಿಲ್ಲ.

ಗಿಡಮೂಲಿಕೆಯ ಬಗ್ಗೆಯೂ ನೀವು ಅಪ್ಪಣೆ ಕೊಡಿಸಿದಿರಿ: ‘ಸೊಪ್ಪು ಸದೆ ತಿನ್ನೋರು ನನ್ನ ಹತ್ರ ಬರಬೇಡಿ.’ ನೀವು ಗದರಿದ್ದಕ್ಕೆ ಸೊಪ್ಪು ನಿಲ್ಲಲಿಲ್ಲ ಸ್ವಾಮಿ, ಹೇಳುವುದು ನಿಂತಿತು. ನನ್ನ ತಾಯಿ ಬೆಳಿಗ್ಗೆ ನಿಮ್ಮ ಮಾತ್ರೆಯನ್ನೂ ನುಂಗಿ, ಹಾಗಲಕಾಯಿ ರಸವನ್ನೂ ಕುಡಿದು, ಸೋಮವಾರದ ಒಪ್ಪೊತ್ತೆಂದು ತಿಂಡಿ ಬಿಟ್ಟು ಕೂತರು. ಮಧ್ಯಾಹ್ನದ ಹೊತ್ತಿಗೆ ಕೈ ನಡುಗಿ, ಬೆವರು ಸುರಿದು, ಹಿಟ್ಟಿನ ಚೀಲದ ಮೇಲೆ ಒರಗಿಬಿಟ್ಟರು. ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು, ಸಕ್ಕರೆಯನ್ನೇ ಬಾಯಿಗೆ ಹಾಕಿ ಎಬ್ಬಿಸಿದೆವು. ‘ಡಾಕ್ಟ್ರಿಗೆ ರಸದ ವಿಷ್ಯ ಯಾಕವ್ವಾ ಹೇಳ್ಲಿಲ್ಲ?’ ಎಂದರೆ, ‘ಬೈತಾರೆ ಕಣೋ’ ಎಂದರು. ಎಪ್ಪತ್ತರ ಹತ್ತಿರದ ಹೆಂಗಸು ಬೈಗುಳಕ್ಕೆ ಹೆದರಿ ಸುಳ್ಳು ಹೇಳುವಂತೆ ಮಾಡಿದ್ದು ವೈದ್ಯಶಾಸ್ತ್ರದ ಯಾವ ಅಧ್ಯಾಯ?

ನಮ್ಮ ತಪ್ಪೂ ಇದೆ, ಅದನ್ನು ಕೇಳಿದರೆ ನೀವು ನಗುತ್ತೀರಿ, ನಗಿ. ಯಾವುದೋ ಕರಪತ್ರ ಓದಿ ನಮ್ಮ ತಂದೆ ದಿನವೂ ಮಧುನಾಶಿನಿ ಎಲೆ ಅಗಿಯತೊಡಗಿದರು. ಆ ಎಲೆ ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ತಿಳಿಯುವುದಿಲ್ಲ. ಸಿಹಿಯ ಆಸೆ ಬಿಡಿಸಲೆಂದೇ ಅದನ್ನು ಅಗಿಯುವುದು. ನಮ್ಮ ತಂದೆ ಎಲೆ ಅಗಿದು ಗಿರಣಿಗೆ ಬಂದರು, ಕಾಫಿ ಬಾಯಿಗಿಟ್ಟರು, ‘ಏನೇ ಇದು, ಬೂದಿ ನೀರು! ಬೆಲ್ಲ ಹಾಕೇ ಇಲ್ವಲ್ಲೇ’ ಎಂದರು. ತಾಯಿ ಇನ್ನೊಂದು ಉಂಡೆ ಹಾಕಿದರು. ‘ಈಗ್ಲೂ ಸಪ್ಪೆ’ ಎಂದರು. ಮತ್ತೊಂದು ಉಂಡೆ ಬಿತ್ತು. ಸಿಹಿ ಬಿಡಿಸಲು ಬಂದ ಎಲೆ ನಮ್ಮ ಮನೆಯಲ್ಲಿ ಬೆಲ್ಲದ ಖರ್ಚು ಹೆಚ್ಚಿಸಿತು. ಚಿಕ್ಕಬೀರಪ್ಪ ಮಾತ್ರ ಎಲೆ ಅಗಿಯದವನು, ಒಂದು ಗುಟುಕು ಕುಡಿದು, ‘ಯಜಮಾನ್ರೇ, ಇದು ಕಾಫಿಯಲ್ಲ, ಜೋನಿ ಬೆಲ್ಲ’ ಎಂದ. ಇದನ್ನು ನಿಮಗೆ ಹೇಳುವ ಧೈರ್ಯ ನಮಗಿದ್ದಿದ್ದರೆ, ಎಲೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಒಂದು ನಿಮಿಷದಲ್ಲಿ ತಿಳಿಸಿಕೊಡುತ್ತಿದ್ದಿರಿ. ಹೌದಲ್ಲವೇ?

ಈಗ ಮದುವೆಯ ಮಾತಿಗೆ ಬರುತ್ತೇನೆ. ಹೋದ ಗುರುವಾರ ಬೀರೂರಿನಲ್ಲಿ ರೈಲು ಹತ್ತಿ ಅಜ್ಜಂಪುರಕ್ಕೆ ಹೋದೆ. ಜಗಳ ಮಾಡಲೆಂದೇ ಹೋಗಿದ್ದೆ, ಜೇಬಿನಲ್ಲಿ ನಾಲ್ಕು ಕರಪತ್ರಗಳೂ ಇದ್ದವು. ಓಂಕಾರೇಶನ ತಾಯಿ ತೀರ್ಥಮ್ಮನವರು ಒಳಗೆ ಕರೆದು ಕೂರಿಸಿ, ಎರಡು ಲೋಟ ಕಾಫಿ ತಂದರು. ಒಂದನ್ನು ನನ್ನ ಕಡೆ ಸರಿಸಿ, ‘ಇದ್ ತಗಳಪ್ಪಾ. ಅದು ನಂದು, ಸಪ್ಪೆ’ ಎಂದರು. ನಾನು ಅವರ ಮುಖ ನೋಡಿದೆ.

‘ಯಾವಾಗಿಂದ ಅಮ್ಮಾ?’ ಎಂದೆ.

‘ಓಂಕಾರೇಶ ಹೈಸ್ಕೂಲಲ್ಲಿದ್ದಾಗಿಂದ ಕಣಪ್ಪಾ. ನಮ್ಮವ್ವಂಗೂ ಇತ್ತು.’

‘ಮತ್ತೆ ನಮ್ದು ಮಾತ್ರ ವಂಶದ ಕಾಯ್ಲೆ ಹೆಂಗಾಯ್ತು?’

ತೀರ್ಥಮ್ಮನವರು ಲೋಟ ಕೆಳಗಿಟ್ಟು ಜೋರಾಗಿ ನಕ್ಕರು. ‘ನಮ್ ಮನೇಲಿ ಮೈಕ್ ಇರ್ಲಿಲ್ಲ ನೋಡು! ಅದ್ಕೇ ಊರಿಗ್ ಗೊತ್ತಾಗ್ಲಿಲ್ಲ.’ ನಗು ನಿಂತ ಮೇಲೆ ತಗ್ಗಿದ ದನಿಯಲ್ಲಿ, ‘ಹುಡ್ಗ ಊಟ ಸರಿಯಾಗ್ ಮಾಡ್ತಿಲ್ಲ ಕಣಪ್ಪಾ. ನಿನ್ ತಂಗಿನೇ ಬೇಕಂತೆ. ನಂಗೂ ಅವ್ಳೇ ಇಷ್ಟ. ನಮ್ ಭಾವನೋರು ಬಿಡ್ಬೇಕಲ್ಲ. ನಾನ್ ಹೇಳಿದ್ರೆ ಹೆಂಗಸ್ರ ಮಾತು ಅಂತಾರೆ. ಅವ್ರು ಮೈಕಲ್ ಕೇಳಿದ್ದು. ಆ ಆಫೀಸರ್ರು ಮೈಕಲ್ಲೇ ಬಿಡಿಸಿ ಹೇಳ್ಲಿ, ನಾನ್ ಕರ್ಕಂಡ್ ಬತ್ತೀನಿ’ ಎಂದರು. ಅಧಿಕಾರಿಗಳಿಗೆ ಬರೆಯುವ ಕಾಗದದಲ್ಲಿ ನಿಮ್ಮ ಹೆಸರು ಹಾಕಬಹುದೇ ಎಂದು ಕೇಳಿದೆ. ‘ದಪ್ಪಕ್ಷರದಲ್ಲಿ ಬರಿ’ ಎಂದರು.

ಮನೆಗೆ ಬಂದು ಭುವನಾಳಿಗೆ ಹೇಳಿದರೆ ಅವಳು ಮೊದಲು ಓಂಕಾರೇಶ ಊಟ ಬಿಟ್ಟದ್ದಕ್ಕೆ ಬೈದಳು. ಆಮೇಲೆ, ‘ಕಾಗದ ಬರಿಯಣ್ಣ, ನನ್ ಹೆಸ್ರೂ ಹಾಕು. ಮುಚ್ಚಿಡಕ್ಕೆ ನಾನೇನ್ ಕದ್ದಿದೀನಾ? ಆದ್ರೆ ಸುಳ್ ಬರೀಬೇಡ. ಎರಡೂ ಕಡೆ ಇದೆ ಅಂದ್ಮೇಲೆ ನಾವು ಹುಷಾರಾಗಿರ್ಬೇಕು ಅಂತಾನೂ ಬರಿ’ ಎಂದಳು. ಬರೆದಿದ್ದೇನೆ. ಅವಳ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿಯೇ ಇದೆ. ವರ್ಷಕ್ಕೊಮ್ಮೆ ನೋಡಿಸಿಕೊಳ್ಳುತ್ತಾಳೆ. ಮುದ್ದೆಯನ್ನು ಬಿಡುವುದಿಲ್ಲ, ಮೂರನೆಯ ಮುದ್ದೆಯನ್ನು ಬಿಡುತ್ತಾಳೆ. ಇದಕ್ಕಿಂತ ಹೆಚ್ಚಿನ ಭರವಸೆಯನ್ನು ಯಾವ ವಂಶ ಯಾವ ವಂಶಕ್ಕೆ ಕೊಟ್ಟಿದೆ, ಹೇಳಿ?

ಆದ್ದರಿಂದ ನನ್ನ ಒತ್ತಾಯ ಇಷ್ಟು. ನೀವು ನಮ್ಮ ಗಿರಣಿಯ ಮುಂದೆ ಬಂದು ನಿಂತು, ಅದೇ ಮೈಕಿನಲ್ಲಿ, ಅರ್ಧ ಹೇಳಿ ಬಿಟ್ಟ ಮಾತನ್ನು ಪೂರ್ತಿ ಮಾಡಬೇಕು. ವಂಶದಿಂದ ಬರುವುದು ಎಚ್ಚರಿಕೆಯೇ ಹೊರತು ತೀರ್ಪಲ್ಲ ಎನ್ನಬೇಕು. ತಟ್ಟೆಯಲ್ಲಿ ಏನಿದೆ, ಲೋಟದಲ್ಲಿ ಏನಿದೆ ಎಂದು ಕೇಳಬೇಕು. ಕಷಾಯ ಕುಡಿಯುವವರು ಮಾತ್ರೆ ಬಿಡಬಾರದು, ಕಷಾಯದ ವಿಷಯ ಮುಚ್ಚಿಡಲೂಬಾರದು ಎಂದು ಹೇಳಬೇಕು, ಹೇಳಿದವರಿಗೆ ಬೈಯಬಾರದು. ಇದರಿಂದ ನಿಮ್ಮ ಘನತೆ ತಗ್ಗುವುದಿಲ್ಲ. ತಪ್ಪು ತಿದ್ದಿಕೊಂಡ ಅಧಿಕಾರಿಯನ್ನು ನಮ್ಮ ಹೋಬಳಿ ಇನ್ನೂ ನೋಡಿಲ್ಲವಾದ್ದರಿಂದ ಶಿಬಿರಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ಉಪಚಾರಕ್ಕೆ ಕೊರತೆಯಿಲ್ಲ. ಈಗ ಗಿರಣಿಯಲ್ಲಿ ಕೊಡುವುದು ಮಜ್ಜಿಗೆ. ಪದ್ಧತಿ ಮಾತ್ರ ಹಳೆಯದೇ: ನೀವು ಕುಡಿಯುವಾಗ ನಾವೂ ಕುಡಿಯುತ್ತೇವೆ. ತೀರ್ಥಮ್ಮನವರು ಭಾವನವರನ್ನು ಬೆಳಗಿನ ರೈಲಿನಲ್ಲಿ ಕರೆತರುತ್ತಿದ್ದಾರೆ. ಓಂಕಾರೇಶ ಕರೆಯದಿದ್ದರೂ ಬರುತ್ತಾನೆ. ಬರುವ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಗಿರಣಿಯ ಮುಂದಿನ ಹೊಂಗೆ ಮರದ ಕೆಳಗೆ ನಿಮಗೊಂದು ಕುರ್ಚಿ ಹಾಕಿರುತ್ತೇವೆ. ಮೈಕ್ ಮರೆಯಬೇಡಿ.

ಇಂತಿ,
ಬಂದೇ ಬರುತ್ತದೆಂದು ನೀವು ಭವಿಷ್ಯ ನುಡಿದ ಮಕ್ಕಳಲ್ಲಿ ಹಿರಿಯವನು,
ಗಿರಣಿ ನಾಗೇಶ್
ಹಿರೇನಲ್ಲೂರು ಹೋಬಳಿ